ರಾಬ್ಹಾಳ ಜೂಲುಗಂಬಳಿ

ತುದಾ ಅಂದರೆ ಬೆಟ್ಟದ ಅಮಾಜಿಗ್ ಜನರ ಮಾತಿನಲ್ಲಿ ‘ಸಾಕು’ ಎಂದರ್ಥ. ಸಾಲಾಗಿ ಎರಡು ಹೆಣ್ಣಾದ ಮೇಲೆ ಮೂರನೆಯದಕ್ಕೆ ಅಪ್ಪ ಆ ಹೆಸರಿಟ್ಟ. ಮೊದಲಿನ ಎರಡೂ ದಡಾರಕ್ಕೆ ಹೋದವು. ಸಾಕು ಅನ್ನಿಸಿಕೊಂಡವಳೇ ಉಳಿದಳು. ಅವಳ ಬೆನ್ನಿಗೆ ಅಲ್ಲಾಲ್ ಎಂಬ ತಮ್ಮ ಹುಟ್ಟಿದ.

ಅವಳ ತವರು ಬೂ ಇಬ್ಲಾನ್ ಬೆಟ್ಟದ ಮಡಿಲಲ್ಲಿ. ವರ್ಷಕ್ಕೆ ಐದು ತಿಂಗಳು ಹಿಮ ಬೀಳುವ ಊರು. ಅಲ್ಲಿಯ ಹೆಂಗಸರು ನೇಯುವುದು ಬಿಳಿ ಜೂಲುಗಂಬಳಿ, ಒಂದು ಬದಿಗೆ ಉದ್ದನೆಯ ಉಣ್ಣೆಯ ಕುಚ್ಚು ಬಿಟ್ಟದ್ದು. ಕುರಿಯ ಮೈಯಷ್ಟೇ ದಪ್ಪ, ಕುರಿಯ ಮೈಯಷ್ಟೇ ಬಿಸಿ. ಮೇಲೆ ಕಪ್ಪು ನೂಲಿನ ಗೆರೆಗಳು ಒಂದನ್ನೊಂದು ಹಾಯ್ದು ಕಣ್ಣಿನಾಕಾರದ ಮನೆಗಳಾಗುತ್ತವೆ. ಜೂಲನ್ನು ಮೈಗೆ ತಾಗಿಸಿ ಹೊದ್ದುಕೊಂಡರೆ ಹೊರಗೆ ತೋಳ ಊಳಿಟ್ಟರೂ ಕೇಳಿಸದಂಥ ನಿದ್ದೆ. ಕೊಟ್ಟ ಮನೆ ಅಲ್ಲಿಂದ ಬಹಳ ದೂರ, ಮುಲೂಯಾ ನದಿಯ ಬಯಲು ದಾಟಿ ಆಯಾಶಿ ಬೆಟ್ಟದ ಹಿಂದೆ. ಅಲ್ಲಾಲ್ ಸೀಸದ ಗಣಿಯಲ್ಲಿ ಕೂಲಿಗಿದ್ದಾಗ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದ ಜಾಯಿದ್ ಎಂಬವನ ಸ್ನೇಹವಾಗಿ, ಆ ಸ್ನೇಹಕ್ಕೆ ಅಕ್ಕನನ್ನು ಕೊಟ್ಟ. ಗಂಡನ ಕಡೆಯವರೂ ಅಮಾಜಿಗ್ ಜನವೇ. ಆದರೆ ಅವರು ನೇಯುವುದು ತೆಳ್ಳನೆಯ ಪಟ್ಟೆಗಂಬಳಿ. ಮಾತೂ ಬೇರೆ. ತುದಾ ‘ಬಾ’ ಅಂದರೆ ಅವರಿಗೆ ನಗು, ‘ಹೋಗು’ ಅಂದರೆ ಇನ್ನೂ ನಗು. ಮೊದಲ ವರ್ಷ ಅವಳು ಬಾಯಿ ಬಿಟ್ಟಾಗಲೆಲ್ಲ ಮನೆಯವರಿಗೆ ಪುಕ್ಕಟೆ ನಾಟಕ. ಆಮೇಲೆ ಅವರ ಮಾತನ್ನೇ ಕಲಿತಳು. ಒಂದು, ಎರಡು ಎಂದು ಎಣಿಸುವುದು ಮಾತ್ರ ತವರಿನ ಮಾತಿನಲ್ಲೇ ಉಳಿಯಿತು. ಊರಲ್ಲಿ ಅವಳ ಹೆಸರು ‘ಪರವೂರವಳು’. ಮೂವತ್ತು ವರ್ಷ ಕಳೆದರೂ ಅದೇ.

ಮಕ್ಕಳಾಗಲಿಲ್ಲ. ಜಾಯಿದ್ ಸತ್ತು ನಾಲ್ಕು ವರ್ಷ. ಈಗ ಮೈದುನ ಅಸ್ಸೂನ ಮನೆಯಂಗಳದ ಮೂಲೆಯ ಕೋಣೆಯಲ್ಲಿ ಇದ್ದಾಳೆ. ಗಂಡನ ಪಾಲಿನ ಹದಿನೆಂಟು ಕುರಿ ಅಸ್ಸೂನ ಮಂದೆಯಲ್ಲೇ ಮೇಯುತ್ತವೆ. ಅಸ್ಸೂ ಒಳ್ಳೆಯವನು, ಮಾತಾಡುವವನಲ್ಲ. ಮಾತೆಲ್ಲ ಅವನ ಹೆಂಡತಿ ಇತ್ತೊಳದು. ಓರಗಿತ್ತಿಯರಲ್ಲಿ ತುದಾ ದೊಡ್ಡವಳಾದರೂ ಐದು ಗಂಡುಮಕ್ಕಳನ್ನು ಹೆತ್ತ ಇತ್ತೊಳೇ ಮನೆಯ ಯಜಮಾನಿ.

ತವರಿಗೆ ಹೋಗಿಬಂದು ಹನ್ನೆರಡು ವರ್ಷವಾಗಿತ್ತು. ಆದರೂ ಪ್ರತಿ ವರ್ಷ ಚಳಿ ಶುರುವಾಗುವ ಮುಂಚೆ ತುದಾ ತಾಯಿಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಹೆಣೆದು ಸಂತೆಯ ಲಾರಿಯವನ ಕೈಗೆ ಕೊಡುತ್ತಿದ್ದಳು. ಅವನು ಮಿದೆಲ್ತ್ ಪಟ್ಟಣದಲ್ಲಿ ಇನ್ನೊಬ್ಬನ ಕೈಗೆ ಕೊಡುತ್ತಿದ್ದ, ಅವನು ಮತ್ತೊಬ್ಬನಿಗೆ. ತಾಯಿ ರಾಬ್ಹಾಳ ಪಾದ ಬೇಸಿಗೆಯಲ್ಲೂ ತಣ್ಣಗಿರುವಂಥವು.

ಆ ಸಲವೂ ಕಾಲುಚೀಲದ ಗಂಟು ಕಂಕುಳಲ್ಲಿಟ್ಟುಕೊಂಡೇ ಸಂತೆಗೆ ಬಂದಿದ್ದಳು. ಇತ್ತೊ ಹೇಸರಗತ್ತೆಯನ್ನು ಕಟ್ಟಿ ಸಕ್ಕರೆಯ ಅಂಗಡಿಯವನ ಜೊತೆ ಚೌಕಾಸಿಗೆ ಇಳಿದಳು. ತುದಾ ಲಾರಿಗಳು ನಿಲ್ಲುವ ಕಡೆ ಹೊರಟಳು. ಅಲ್ಲಿ ಒಂದು ಹೊಸ ಲಾರಿ ನಿಂತಿತ್ತು. ಹೊಸ ಕಂಬಳಿ ಕೊಟ್ಟು ಹಳೆಯದನ್ನು ಒಯ್ಯುವ ದಕ್ಷಿಣದ ವ್ಯಾಪಾರಿಯದು. ಒಂದು ಪಕ್ಕದಲ್ಲಿ ಹುಲಿಯ ಚಿತ್ರದ, ನವಿಲಿನ ಚಿತ್ರದ ಮಿರಿಮಿರಿ ಮಿಂಚುವ ಕಾರ್ಖಾನೆ ಕಂಬಳಿಗಳು. ಇನ್ನೊಂದು ಪಕ್ಕದಲ್ಲಿ, ಬಿಸಿಲಿಗೆ ಹರವಿದ ಹಳೆಯವು.

ತುದಾಳ ಕಾಲು ನಿಂತುಬಿಟ್ಟಿತು.

ಬಿಳಿ ಜೂಲುಗಂಬಳಿ. ಹೊಗೆಗೆ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಕೆಳಗಿನ ಎಡಮೂಲೆಯಲ್ಲಿ ಒಂದು ಗೇಣಿನಷ್ಟು ಜಾಗದಲ್ಲಿ ಕಪ್ಪು ಗೆರೆ ದಾರಿ ತಪ್ಪಿ ಕುಂಟುತ್ತ ಹೋಗಿ, ಮೂರು ಬೆರಳು ಮೇಲೆ ಮತ್ತೆ ದಾರಿಗೆ ಬಿದ್ದಿತ್ತು. ಹತ್ತಿರ ಹೋಗಿ ನೋಡಬೇಕಾಗಿಯೇ ಇರಲಿಲ್ಲ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ, ಜ್ವರದಿಂದ ಮಲಗಿದ್ದ ತಾಯಿ ಎದ್ದು ಬರುವಷ್ಟರಲ್ಲಿ ಸಹಾಯ ಮಾಡಿಬಿಡುತ್ತೇನೆಂದು ಮಗ್ಗದ ಮುಂದೆ ಕೂತು ತಾನೇ ಹಾಕಿದ ಗಂಟುಗಳು ಅವು. ತಾಯಿ ಎದ್ದು ಬಂದು ನೋಡಿದಳು, ಬಯ್ಯಲಿಲ್ಲ, ಬಿಚ್ಚಲಿಲ್ಲ. ಮುಂದಿನ ಸಾಲಿನಿಂದ ತಾನು ನೇಯ್ದುಕೊಂಡು ಹೋದಳು. ಆ ಕಂಬಳಿಯನ್ನೇ ಹೊದ್ದಳು. “ಇದು ನನ್ನದು. ನಾನು ಹೊಸಿಲು ದಾಟೋವರೆಗೂ ಇದು ದಾಟಲ್ಲ” ಎನ್ನುತ್ತಿದ್ದಳು.

“ಏನ್ ನೋಡ್ತಿದ್ದೀರಾ ಲಲ್ಲಾ?” ಹಿರಿಯ ಹೆಂಗಸನ್ನು ಕರೆಯುವಂತೆ ಮರ್ಯಾದೆಯಿಂದ ಕೇಳುತ್ತ ವ್ಯಾಪಾರಿ ಚಹಾದ ಲೋಟ ಹಿಡಿದು ಇಳಿದು ಬಂದ. ಹುಮಾದ್ ಎಂದು ಅವನ ಹೆಸರು. ಗಡ್ಡ ನರೆಯುತ್ತಿರುವ, ಬಾಯಿ ತುಂಬ ನಗುವ ಆಳು. “ಮನೇಲಿ ಹಳೇದು ಇದ್ರೆ ತನ್ನಿ. ಒಂದಕ್ಕೊಂದು, ಹುಲಿ ಕಂಬಳಿ ಕೊಡ್ತೀನಿ. ಒಗೆಯೋಕೂ ಸುಲಭ, ನೆಂಟರು ಬಂದ್ರೆ ನೋಡೋಕೂ ಚಂದ.”

“ಇದನ್ನ ಎಲ್ಲಿಂದ ತಂದೆ ತಮ್ಮಾ?”

“ಅದಾ? ಬಹಳ ದೂರದ್ದು. ಬೂ ಇಬ್ಲಾನ್ ಕಡೇದು. ಅಲ್ಲಾಲ್ ಅಂತ ಒಬ್ಬರ ಮನೆ. ಗಣೀಲಿ ಇದ್ದು ಬಂದೋರಂತೆ, ಒಂದೇ ಸಮ ಕೆಮ್ಮು ಪಾಪ. ಹೆಂಡತಿಗೆ ಎರಡು ಹುಲಿ ಕಂಬಳಿ ಬೇಕಾಗಿತ್ತು.”

“ಆ ಮನೇಲಿ ಒಬ್ಬಳು ಮುದುಕಿ ಇದ್ದಳಲ್ಲ.”

“ಮುದುಕಿ ಯಾರೂ ಇರಲಿಲ್ಲವಲ್ಲಾ.” ಹುಮಾದ್ ನೆನಪು ಮಾಡಿಕೊಂಡ. “ಹಾಂ, ಇದು ನಮ್ಮತ್ತೇದು ಅಂದ್ರು ಆಕೆ. ಅವರು ಹೋಗಿ ನಾಲ್ಕು ವರ್ಷ ಆಯ್ತಂತೆ. ಯಾಕೆ, ನಿಮಗೆ ಪರಿಚಯವಾ?”

ತುದಾ ಹತ್ತಿರ ಬಾಗಿದಳು. ಕಂಬಳಿಯ ಅಂಚನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು. ಡೀಸೆಲಿನ ನಾತ. ಅದರ ಕೆಳಗೆ ಎಲ್ಲೋ ಹೊಗೆ, ಅದರ ಕೆಳಗೆ ಇನ್ನೇನೋ, ಸಿಕ್ಕಿದ ಹಾಗಾಗಿ ಸಿಗಲಿಲ್ಲ.

ಹುಮಾದನ ನಗು ನಿಂತಿತು. ಅವನೇನೂ ಕೇಳದೆ ಕಂಬಳಿಯನ್ನು ಲಾರಿಯ ನೆರಳಿನಲ್ಲಿ ಹಾಸಿ, “ಕೂತ್ಕೊಳ್ಳಿ ಲಲ್ಲಾ” ಎಂದು ಆಚೆ ಹೋದ. ತುದಾ ಚಪ್ಪಲಿ ಕಳಚಿಟ್ಟು ಕೂತಳು. ಸಂತೆ ಅವಳ ಸುತ್ತ ನಡೆಯಿತು. ಕೋಳಿ ಮಾರುವವರು ಕೂಗಿದರು, ಯಾರದೋ ಕತ್ತೆ ಹಗ್ಗ ಬಿಚ್ಚಿಕೊಂಡು ಓಡಿತು. ಒಬ್ಬ ಗಿರಾಕಿ ಬಂದು ಕಂಬಳಿ ನೋಡಿ, “ಮಾಲು ಚೆನ್ನಾಗಿದೆ, ಆ ಮೂಲೆ ಮಾತ್ರ ಯಾವಳೋ ನಿದ್ದೆಗಣ್ಣಲ್ಲಿ ನೇಯ್ದಂಗಿದೆ” ಎಂದ. ತುದಾ ತಲೆಯೆತ್ತಿ, “ನಾನು ನೇಯ್ದಿದ್ದು” ಎಂದಳು. ಅವನು ಅವಳ ಮುಖ ನೋಡಿ ಸುಮ್ಮನೆ ಜಾಗ ಬಿಟ್ಟ.

ಹೊತ್ತು ಇಳಿಯುವ ಮುಂಚೆ ಹುಮಾದ್ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ.

“ನಿಮ್ಮ ತಾಯಿಯೇನು?”

ತುದಾ ಹೌದೆಂದು ತಲೆಯಾಡಿಸಿದಳು.

“ಇದನ್ನ ನಿಮಗೇ ಕೊಟ್ಟುಬಿಡ್ತಿದ್ದೆ ಲಲ್ಲಾ, ದೇವರಾಣೆ. ಆದರೆ ಲಾರಿ ನನ್ನದಲ್ಲ, ಮಾಲೂ ನನ್ನದಲ್ಲ. ಮರಾಕೇಶದ ಸಾಹುಕಾರ ಒಂದೊಂದನ್ನೂ ಬರೆಸಿಕೊಂಡಿದ್ದಾನೆ.” ಗಡ್ಡ ಕೆರೆದುಕೊಂಡ. “ಒಂದು ಮಾಡಬಹುದು. ಆ ಮೂಲೆ ಹೇಗೂ ಸರಿಯಿಲ್ಲ. ಅಲ್ಲಿ ಅಂಗಡೀಲಿ ಅದನ್ನ ಕತ್ತರಿಸಿ ಅಂಚು ಹೊಲಿದೇ ಮಾರೋದು. ಇಲ್ಲೇ ಕತ್ತರಿಸಿ ನಿಮಗೆ ಕೊಡ್ತೀನಿ. ನಿಮ್ಮ ಕೈಯ ಕೆಲಸ, ನಿಮ್ಮ ಹತ್ರಾನೇ ಇರಲಿ.”

ಸೊಂಟದಿಂದ ಚಾಕು ತೆಗೆದ. ಒಳ್ಳೆಯ ಮನಸ್ಸಿನಿಂದಲೇ ತೆಗೆದ. ಒಂದು ಗಳಿಗೆ ತುದಾಳ ಕೈ ಆ ಮೂಲೆಯ ಮೇಲೆ ಆಡಿತು. ಒಂದು ಗೇಣು, ತಲೆಯ ಕೆಳಗೆ ಇಟ್ಟುಕೊಳ್ಳುವಷ್ಟು.

“ಬೇಡ,” ಎಂದಳು. “ಇದಕ್ಕೆ ಚಾಕು ತಾಗಿಸಬೇಡ. ಅಲ್ಲೂ ತಾಗಿಸಬೇಡ ಅಂತ ನಿನ್ನ ಸಾಹುಕಾರನಿಗೆ ಹೇಳು. ನನ್ನ ಗಂಟು ಬಿಟ್ಟು ನಮ್ಮಮ್ಮನ ಗಂಟು ನಿಲ್ಲಲ್ಲ. ಇಡಿಯಾಗಿ ಹೋಗಲಿ. ಯಾರ ಮನೆಗೆ ಹೋದ್ರೂ ಅವರು ಬೆಚ್ಚಗೆ ಮಲಗಲಿ.”

ಎದ್ದು ತಾನೇ ಮಡಿಸಿ ಅವನ ಕೈಗಿಟ್ಟಳು. ಆಮೇಲೆ ನೆನಪಾಯಿತು: ಕಾಲುಚೀಲದ ಗಂಟು ಇನ್ನೂ ಕಂಕುಳಲ್ಲೇ ಇತ್ತು.

ಇತ್ತೊ ಹೇಸರಗತ್ತೆ ಹೊಡೆದುಕೊಂಡು ಬಂದಳು. “ಎಲ್ಲಿ ಸತ್ತಿದ್ಯೇ? ಸಂತೆ ಎಲ್ಲಾ ಹುಡುಕಿದೆ. ಲಾರಿಯವನ ಜೊತೆ ಓಡಿಹೋದಳಾ ಪರವೂರವಳು ಅಂತ ಕೇಳಿದ್ರು ಜನ. ಈ ವಯಸ್ಸಲ್ಲಿ ಅವಳನ್ನ ಯಾರು ಹೊರ್ತಾರೆ ಅಂದೆ.”

ತುದಾ ಹಿಂದೆ ನಡೆದಳು. ಊರಿಗೆ ಎರಡು ಗಂಟೆಯ ಹಾದಿ. ಒಣಗಿದ ಹೊಳೆಯ ಪಾತ್ರದಲ್ಲಿ ಅರ್ಧ ದೂರ ಬಂದ ಮೇಲೆ ಅವಳೇ ಬಾಯಿ ಬಿಟ್ಟಳು.

“ನಮ್ಮಮ್ಮ ಹೋಗಿಬಿಟ್ಟಿದ್ದಾಳೆ ಇತ್ತೊ. ನಾಲ್ಕು ವರ್ಷ ಆಯ್ತಂತೆ. ನನಗೆ ಯಾರೂ ಹೇಳೇ ಇಲ್ಲ.”

ಇತ್ತೊ ತಿರುಗಿ ನೋಡಲಿಲ್ಲ. ಹೇಸರಗತ್ತೆಯನ್ನು ಹೊಡೆಯುತ್ತಲೇ “ಗೊತ್ತು” ಎಂದಳು.

“ಏನು ಗೊತ್ತು?”

“ಸುದ್ದಿ ಬಂದಿತ್ತು. ಜಾಯಿದ್ ಹೋದ ಮೂರನೇ ದಿನ. ಮಿದೆಲ್ತಿಂದ ಒಬ್ಬ ಬಂದಿದ್ದ. ನೀನು ನೀರೂ ಮುಟ್ಟದೆ ಗೋಡೆ ಕಡೆ ತಿರುಗಿ ಮಲಗಿದ್ದೆ. ಈಗ ಹೇಳಿದ್ರೆ ಇವಳೂ ಹೋಗ್ತಾಳೆ, ನಲವತ್ತು ದಿನ ಕಳೀಲಿ ಅಂತ ಅಸ್ಸೂಗೆ ಹೇಳಿದೆ. ನಲವತ್ತು ಕಳೀತು. ಅವತ್ತು ನಮ್ಮ ಟಗರು ಅಸ್ಸೂನ ಗುದ್ದಿ ಕೆಡವಿತಲ್ಲ, ನೀನು ನಕ್ಕೆ. ಅಷ್ಟು ದಿನದ ಮೇಲೆ ಮೊದಲನೇ ಸಲ. ಹೇಗೆ ಹೇಳಲಿ? ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ...” ಇತ್ತೊ ಹಗ್ಗವನ್ನು ಕೈಗೆ ಸುತ್ತಿಕೊಂಡಳು. “ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ನೀನು ಕೇಳ್ತೀಯ ಅಂತಾನೇ ಹೇಳಲಿಲ್ಲ.”

ತುದಾ ಹೊಳೆಯ ಕಲ್ಲಿನ ಮೇಲೆ ಕೂತುಬಿಟ್ಟಳು. ಕಂಕುಳಿನ ಗಂಟು ಬಿಚ್ಚಿ ಕಾಲುಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡಳು.

“ನಾನು ಇವನ್ನ ಹೆಣೆಯೋವಾಗ ನೀನು ಎದುರಿಗೇ ಕೂತಿರ್ತಿದ್ದೆ.”

“ಹೂಂ.”

“ಅಳತೆ ಸರಿಯಿದೆಯಾ ಅಂತ ನಿನ್ನ ಕಾಲಿಗೇ ಹಾಕಿ ನೋಡ್ತಿದ್ದೆ ಕಣೇ.”

“ಹೂಂ.”

“ನಾಲ್ಕು ಜೊತೆ, ಇತ್ತೊ.”

ಐದು ಗಂಡುಮಕ್ಕಳ ತಾಯಿ, ಊರಿನ ಬಾಯಿ ಎನ್ನಿಸಿಕೊಂಡವಳು, ಹಗ್ಗ ಹಿಡಿದು ನಿಂತೇ ಇದ್ದಳು.

ಅಂದಿನಿಂದ ತುದಾ ಅವಳ ಜೊತೆ ಮಾತು ಬಿಟ್ಟಳು. ಜಗಳವಿಲ್ಲ, ಕೂಗಾಟವಿಲ್ಲ. ತನ್ನ ಜವೆಗೋಧಿ ರೊಟ್ಟಿಯನ್ನು ತಾನೇ ಸುಟ್ಟುಕೊಂಡು ಮೂಲೆಯ ಕೋಣೆಯಲ್ಲಿ ತಿಂದಳು. ಅಸ್ಸೂ ಒಮ್ಮೆ ಬಾಗಿಲಲ್ಲಿ ನಿಂತು, “ಅತ್ತಿಗೇ, ತಪ್ಪು ನಂದೂ ಇದೆ” ಎಂದ. “ಇದೆ” ಎಂದಳು. ಅವನು ಹೋದ. ಹಿಮ ಬಿತ್ತು. ತನ್ನ ಪಾಲಿನ ಕುರಿಗಳ ಉಣ್ಣೆಯನ್ನು ಒಟ್ಟುಹಾಕಿಕೊಂಡು ಅವಳು ಚಳಿಗಾಲವಿಡೀ ಹಿಂಜಿದಳು, ಕದಿರು ತಿರುಗಿಸಿದಳು. ತಾಯಿ ನೇಯ್ದಂಥದೇ ಒಂದು ಜೂಲುಗಂಬಳಿ ನೇಯಬೇಕು ಅನ್ನುವುದು ಬಿಟ್ಟರೆ ಅವಳ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಈ ಮನೆಗೆ ಬಂದ ಹೊಸದರಲ್ಲಿ ಒಂದನ್ನು ಶುರುಮಾಡಿದ್ದಳು. “ಇದೇನು ಕುರಿ ಸಾಕ್ತೀಯೋ, ಕಂಬಳಿ ನೇಯ್ತೀಯೋ” ಎಂದು ಅತ್ತೆ ಅರ್ಧಕ್ಕೇ ಬಿಚ್ಚಿಸಿದ್ದಳು. ಆಮೇಲೆ ಮೂವತ್ತು ವರ್ಷ ನೇಯ್ದದ್ದೆಲ್ಲ ಪಟ್ಟೆಗಂಬಳಿ.

ಹಿಮ ಕರಗಿತು, ನೂಲು ಸಿದ್ಧವಾಯಿತು. ನೇಯುವುದು ಒಬ್ಬಳ ಕೆಲಸವಾದರೂ ಉದ್ದನೂಲಿನ ಹಾಸು ಎಳೆಯುವುದು ಒಬ್ಬಳ ಕೈಯಲ್ಲಿ ಆಗುವುದಲ್ಲ. ಅಂಗಳದಲ್ಲಿ ಎರಡು ಗೂಟ ಹೊಡೆದು, ಒಂದೊಂದು ಗೂಟದ ಬುಡದಲ್ಲಿ ಒಬ್ಬೊಬ್ಬಳು ಕೂತು, ಮೂರನೆಯವಳು ನೂಲಿನ ಉಂಡೆ ಹಿಡಿದು ಆ ತುದಿಗೂ ಈ ತುದಿಗೂ ನಡೆಯಬೇಕು. ಕೂತವರು ಎಳೆಯನ್ನು ಗೂಟಕ್ಕೆ ಹಾಕಿ ಬಿಗಿ ಹಿಡಿಯಬೇಕು. ಒಂದೇ ದಿನದಲ್ಲಿ ಮುಗಿಯಬೇಕು. ತುದಾ ಯಾರನ್ನೂ ಕರೆಯಲಿಲ್ಲ. ತಾನೇ ಗೂಟ ಹೊಡೆದಳು, ಎಳೆ ಸಿಕ್ಕಿಸಿದಳು, ನಡೆದಳು, ಸಿಕ್ಕಿಸಿದಳು, ಮತ್ತೆ ನಡೆದು ಬಂದಳು. ಅಷ್ಟರಲ್ಲಿ ಮೊದಲ ತುದಿ ಸಡಿಲವಾಗಿರುತ್ತಿತ್ತು. ಬಿಚ್ಚಿ ಮತ್ತೆ ಎಳೆದಳು. ಗಾಳಿ ಎದ್ದು ಎಳೆಗಳು ಒಂದಕ್ಕೊಂದು ಸುತ್ತಿಕೊಂಡವು. ಮತ್ತೆ ಬಿಚ್ಚಿದಳು. ಬಿಸಿಲು ನೆತ್ತಿಗೆ ಬರುವಾಗ ಅಂಗೈಯಗಲದ ಹಾಸೂ ಆಗಿರಲಿಲ್ಲ.

ಇತ್ತೊ ಬೆಳಗಿನಿಂದ ಮಾಳಿಗೆಯ ಮೇಲೆ ಜವೆ ಕೇರುತ್ತ ನೋಡುತ್ತಿದ್ದಳು. ಮೊರ ಕೆಳಗಿಟ್ಟಳು. ಏಣಿ ಇಳಿದು ಬಂದು ಒಂದು ಗೂಟದ ಬುಡದಲ್ಲಿ ಕಾಲು ಚಾಚಿ ಕೂತಳು. ಸೊಸೆಯತ್ತ ತಿರುಗಿ, “ಯಮ್ನಾ, ಆ ಕಡೆ ಕೂತ್ಕೋ ಹೋಗು” ಎಂದಳು. ಹೊಸದಾಗಿ ಮದುವೆಯಾಗಿ ಬಂದ ಯಮ್ನಾ ಇಬ್ಬರ ಮುಖ ನೋಡಿ, ಹೋಗಿ ಕೂತಳು.

ತುದಾ ಉಂಡೆ ಹಿಡಿದು ಬಹಳ ಹೊತ್ತು ನಿಂತಿದ್ದಳು. ಆಮೇಲೆ ನಡೆಯತೊಡಗಿದಳು.

ಹಾಸು ಎಳೆಯುವ ದಿನ ಅಂದರೆ ಚಹಾ, ಖರ್ಜೂರ, ಹಾಡು, ಊರ ಗಂಡಸರ ಮೇಲೆಲ್ಲ ಹಾಸ್ಯ. ಅಂದು ಉಂಡೆಯ ಸರಸರ ಬಿಟ್ಟು ಸದ್ದಿಲ್ಲ. ಹಾದಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು, “ದೇವರು ಕೈಗೆ ಬಲ ಕೊಡಲಿ” ಎಂದು ಹರಸಿ, ಎರಡು ಹೆಜ್ಜೆ ಹೋಗಿ ನಿಂತು, “ಏನ್ರೇ, ಹಾಸು ಎಳೀತಿದ್ದೀರೋ, ಹೆಣ ಕಾಯ್ತಿದ್ದೀರೋ?” ಎಂದಳು. ಯಮ್ನಾ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಇತ್ತೊ ಎಳೆ ಬಿಗಿ ಹಿಡಿದಿದ್ದಳು. ಅವಳ ಬೆರಳಿನ ಸಂದಿ ಕೆಂಪಾಗಿ ಕುಯ್ದುಕೊಂಡಿತ್ತು. ಸಂಜೆಗೆ ಹಾಸು ಮುಗಿಯಿತು. ಮಗ್ಗದ ದಿಂಡುಗಳಿಗೆ ಕಟ್ಟಿ ಕೋಣೆಯಲ್ಲಿ ನಿಲ್ಲಿಸಲೂ ಇತ್ತೊಳೇ ಹೆಗಲು ಕೊಟ್ಟಳು. ತುದಾ ಒಳ್ಳೇದಾಗಲಿ ಅಂತಲೂ ಹೇಳಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

ಬೇಸಿಗೆಯುದ್ದಕ್ಕೂ ನೇಯ್ದಳು. ಮನೆಯವರೆಲ್ಲ ಮಂದೆಯ ಜೊತೆ ಮೇಲಿನ ಹುಲ್ಲುಗಾವಲಿಗೆ ಹೋಗಿದ್ದರು. ಊರಿಗೆ ಊರೇ ಖಾಲಿ. ಗಂಟು ಹಾಕುವುದು, ಕತ್ತರಿಸುವುದು, ಒಂದು ಸಾಲಾದ ಮೇಲೆ ಅಡ್ಡನೂಲು ಹಾಯಿಸಿ ಕಬ್ಬಿಣದ ಬಾಚಣಿಗೆಯಿಂದ ಧಪಧಪ ಬಡಿಯುವುದು. ಗೆರೆ ಯಾವಾಗ ತಿರುಗಬೇಕು ಎಂದು ಕೇಳಲು ಯಾರೂ ಇರಲಿಲ್ಲ. ಕಣ್ಣು ಮುಚ್ಚಿ ತಾಯಿಯ ಬೆನ್ನನ್ನು ನೆನೆದುಕೊಳ್ಳುತ್ತಿದ್ದಳು. ಅವಳ ಹೆಗಲು ಬಲಕ್ಕೆ ಎಷ್ಟು ಸಲ ವಾಲುತ್ತಿತ್ತು, ಎಡಕ್ಕೆ ಎಷ್ಟು ಸಲ. ಕೆಲವು ದಿನ ಬೆಳಗಿನಿಂದ ಸಂಜೆವರೆಗೆ ಗಂಟಲಿಂದ ಹೊರಟ ಮಾತು ಅಂದರೆ ಗಂಟುಗಳ ಎಣಿಕೆ ಮಾತ್ರ. ಜಾಯಿದ್ ಬದುಕಿದ್ದಾಗ ಆ ಎಣಿಕೆಯನ್ನು ಅಣಕಿಸುತ್ತಿದ್ದ. ಈಗ ಅಣಕಿಸುವವರೂ ಇಲ್ಲ. ಒಮ್ಮೆ ನಡುಹಗಲಲ್ಲಿ ಎಣಿಕೆ ತಪ್ಪಿತು. ಹದಿನೇಳಕ್ಕೆ ತವರಿನಲ್ಲಿ ಏನೆನ್ನುತ್ತಾರೆ ಎಂಬುದು ನೆನಪಿಗೇ ಬರಲಿಲ್ಲ. ಬಾಚಣಿಗೆ ಕೆಳಗಿಟ್ಟು, ಅಂದೇ ಮೊದಲ ಸಲ ಅವಳು ತಾಯಿಗಾಗಿ ಅತ್ತಳು.

ಮಂದೆ ಇಳಿದು ಬಂದ ವಾರ ಕಂಬಳಿ ಮುಗಿಯಿತು. ಮಗ್ಗದಿಂದ ಇಳಿಸುವಾಗ ಹೆಣಕ್ಕೆ ಮಾಡಿದ ಹಾಗೆ ಮಾಡಬೇಕು: ನೀರು ಚಿಮುಕಿಸಬೇಕು, ದೇವರ ಹೆಸರು ಹೇಳಬೇಕು, ಆಮೇಲೆ ಎಳೆ ಕತ್ತರಿಸಬೇಕು. ತುದಾ ಅಂಗಳಕ್ಕೆ ಬಂದು ಇತ್ತೊಳ ಮುಂದೆ ನಿಂತಳು.

“ನೀರು ತಗೊಂಡು ಬಾ.”

ವರ್ಷದ ಮೇಲೆ ಆಡಿದ ಮೊದಲ ಮಾತು. ಇತ್ತೊ ಬಟ್ಟಲಲ್ಲಿ ನೀರು ತಂದು ನಿಂತಳು. ತುದಾ ಬೆರಳದ್ದಿ ಕಂಬಳಿಯ ಉದ್ದಕ್ಕೂ, ತಲೆಯಿಂದ ಕಾಲಿನವರೆಗೆ, ಚಿಮುಕಿಸುತ್ತ ಹೋದಳು. ತಾಯಿಯ ಮೈ ತೊಳೆದವರು ಯಾರೋ ಏನೋ. ಕತ್ತರಿ ಹಿಡಿದು, ತಿರುಗದೆಯೇ ಕೇಳಿದಳು:

“ಸುದ್ದಿ ತಂದವನು ಏನಂದ? ಒಂದೂ ಬಿಡದೆ ಹೇಳು.”

ಇತ್ತೊ ಐದು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದವಳ ಹಾಗೆ ಹೇಳಿದಳು. “ಗುರುವಾರ ಜ್ವರ ಬಂತಂತೆ. ಶನಿವಾರ ಬೆಳಿಗ್ಗೆ ಹೋದ್ರಂತೆ. ಕಷ್ಟಪಡಲಿಲ್ಲ ಅಂದ. ಶುಕ್ರವಾರ ಎಲ್ಲಾ ‘ತುದಾ ಬಂದಳಾ, ತುದಾ ಬಂದಳಾ’ ಅಂತ ಕೇಳಿದ್ರಂತೆ. ದಾರೀಲಿದ್ದಾಳೆ ಅಂದ್ರಂತೆ ಮನೆಯವರು. ‘ಹಾಗಾದ್ರೆ ರೊಟ್ಟಿ ಮುಚ್ಚಿಡಿ, ಹಸಿದು ಬರ್ತಾಳೆ’ ಅಂದ್ರಂತೆ. ಅಷ್ಟೇ.”

ತುದಾ ಕೇಳಿಸಿಕೊಂಡಳು. ಆಮೇಲೆ ಎಳೆಗಳನ್ನು ಒಂದೊಂದಾಗಿ ಕತ್ತರಿಸಿದಳು. ಭಾರವಾದ ಕಂಬಳಿ ಇತ್ತೊಳ ತೋಳಿನ ಮೇಲೆ ಇಳಿಯಿತು.

ಮುಂದಿನ ಸಂತೆಯ ದಿನ ಲಾರಿ ಹತ್ತಿ ತುದಾ ತವರಿಗೆ ಹೊರಟಳು. ಗಂಟುಮೂಟೆ ನೋಡಿ ಇನ್ನು ಬರುವುದಿಲ್ಲ ಎಂದೇ ಊರವರು ಅಂದುಕೊಂಡರು. ಇತ್ತೊಳೂ ಹಾಗೆಯೇ ಅಂದುಕೊಂಡಳು. ಹತ್ತು ದಿನ ಯಾರನ್ನೂ ಬಯ್ಯದೆ ತಿರುಗಿದಳು. ಹನ್ನೊಂದನೆಯ ದಿನ ಮಧ್ಯಾಹ್ನ ತುದಾ ಹೊಳೆಯ ಪಾತ್ರದಲ್ಲಿ ನಡೆದು ಬಂದಳು. ಇತ್ತೊ ಅಂಗಳದಲ್ಲಿ ಒಲೆ ಊದುತ್ತಿದ್ದಳು.

“ಯಾಕೇ ಬಂದೆ? ನಿಮ್ಮೂರಲ್ಲೇ ಇರ್ತೀಯ ಅಂದ್ಕೊಂಡೆ.”

ತುದಾ ಗಂಟು ಇಳಿಸಿ ಜಗಲಿಯ ಮೇಲೆ ಕೂತಳು. “ಗೋರಿ ನೋಡಿದೆ. ಎರಡು ಕಲ್ಲು. ಅಲ್ಲಾಲ್‌ಗೂ ಸರಿಯಾಗಿ ಗೊತ್ತಿಲ್ಲ, ಇದೇ ಇರಬೇಕು ಅಂದ. ಅವನು ಬಹಳ ದಿನ ಇರಲ್ಲ, ಎದೆ ಪೂರಾ ಹೋಗಿದೆ.” ಚಪ್ಪಲಿ ಕಳಚಿಟ್ಟಳು. “ನಾನು ಬಾಯಿ ಬಿಟ್ಟರೆ ಅಲ್ಲೀ ಮಕ್ಕಳು ಬಿದ್ದು ಬಿದ್ದು ನಗ್ತವೆ ಇತ್ತೊ. ಈ ಅಜ್ಜಿ ಪರವೂರವಳು, ಅವಳ ಮಾತು ನೋಡು ಅಂತ. ನಿಮ್ಮ ಮಾತೇ ಬರುತ್ತೆ ನನ್ನ ಬಾಯಲ್ಲಿ.”

ಇತ್ತೊಳಿಗೆ ನಗು ಬಂತು, ಅರ್ಧಕ್ಕೆ ನಿಂತಿತು. ಒಲೆಯ ಕಡೆ ತಿರುಗಿ ಉರಿಯದ ಕಟ್ಟಿಗೆಯನ್ನು ಸುಮ್ಮನೆ ಒಳಗೆ ತಳ್ಳಿದಳು.

ತುದಾ ಕೋಣೆಗೆ ಹೋದಳು. ಆ ಚಳಿಗಾಲ ಹಿಮ ಬಾಗಿಲಿನ ಅರ್ಧದವರೆಗೆ ಬಿತ್ತು. ಅವಳು ಜೂಲನ್ನು ಮೈಗೆ ತಾಗಿಸಿ ಮಲಗುತ್ತಿದ್ದಳು. ಕಂಬಳಿ ಇಬ್ಬರಿಗೆ ಆಗುವಷ್ಟು ಅಗಲವಿತ್ತು. ಒಂದು ಕಡೆಯನ್ನು ಮಡಿಸಿ ಬೆನ್ನಿಗೆ ಒತ್ತಾಗಿ ಇಟ್ಟುಕೊಳ್ಳುತ್ತಿದ್ದಳು.